ನೀವು ಕೇಳಿದಿರಿ: ಹಕ್ಕಿ, ಆನೆ, ಡ್ರೋನ್ ಮತ್ತು ಐದು ಕುರಿ

ಕಳೆದ ತಿಂಗಳು ಇದೇ ಪುಟದಲ್ಲಿ, ವನ್ಯಜೀವಿ ಸಂಶೋಧನೆ ಮಾಡುವ ಹುಡುಗ ಹುಡುಗಿಯರಿಗೆ ನಾನು ನಡೆಸುವ ಐದು ದಿನದ ಡ್ರೋನ್ ಶಿಬಿರದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಬಂದ ಪತ್ರಗಳ ಕಟ್ಟು ನೋಡಿ ಸಂಪಾದಕರು ಈ ಸಲ ಪುಟವನ್ನೆಲ್ಲ ಅದಕ್ಕೇ ಬಿಟ್ಟುಕೊಟ್ಟಿದ್ದಾರೆ. ಹೊಸ ಓದುಗರಿಗೆ ಒಂದು ಮಾತು: ನಾನು ಜೀವಶಾಸ್ತ್ರ ಓದಿದವಳಲ್ಲ. ಸಿವಿಲ್ ಡಿಪ್ಲೊಮಾ ಮುಗಿಸಿ ಸಂಡೂರಿನ ಕಡೆ ಗಣಿಗಳಲ್ಲಿ ಹದಿನಾಲ್ಕು ವರ್ಷ ಸರ್ವೆ ಮಾಡಿದವಳು. ಅದಿರಿನ ಗುಡ್ಡೆಯ ಮೇಲೆ ಡ್ರೋನ್ ಹಾರಿಸಿ, ಅದರಲ್ಲಿ ಎಷ್ಟು ಟನ್ ಮಾಲಿದೆ ಎಂದು ಲೆಕ್ಕ ಕೊಡುವುದು ನನ್ನ ಹೊಟ್ಟೆಪಾಡಾಗಿತ್ತು. ಅದಿರಿನ ಗುಡ್ಡೆ ಹೆದರುವುದಿಲ್ಲ, ಎದ್ದು ಹಾರಿ ಪಕ್ಕದ ಕೆರೆಗೆ ಹೋಗುವುದೂ ಇಲ್ಲ. ಇಷ್ಟನ್ನು ಅರಗಿಸಿಕೊಳ್ಳಲು ನನಗೇ ಎರಡು ವರ್ಷ ಹಿಡಿಯಿತು.

ಮೇಡಂ, ಗದಗ ಜಿಲ್ಲೆಯ ಕೆರೆಗಳಿಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳ ಗಣತಿ ನನ್ನ ಪಿಎಚ್‌ಡಿ ವಿಷಯ. ನಮ್ಮ ಗೈಡ್ ‘ಒಂದು ಡ್ರೋನ್ ತಗೊಂಡು ಎಣಿಸಿಬಿಡು, ವಾರದಲ್ಲಿ ಮುಗಿಯುತ್ತೆ’ ಅಂತಾರೆ. ಹಾರಿಸೋದು ಕಲಿಯಲು ಎಷ್ಟು ದಿನ ಬೇಕು?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ತಂಗಿ, ಹಾರಿಸುವುದು ಎರಡು ದಿನದ ಮಾತು. ಈಗಿನ ಡ್ರೋನ್‌ಗಳು ಕೈಬಿಟ್ಟರೂ ಗಾಳಿಯಲ್ಲಿ ಗೂಟ ಹೊಡೆದಂತೆ ನಿಲ್ಲುತ್ತವೆ. ನನ್ನ ಅಕ್ಕನ ಮಗ, ಒಂಬತ್ತನೇ ತರಗತಿಯವನು, ಕಂಪ್ಯೂಟರಿನ ಸಿಮ್ಯುಲೇಟರ್ ಮೇಲೆ ಅರ್ಧ ದಿನದಲ್ಲಿ ನನಗಿಂತ ಚೆನ್ನಾಗಿ ಎಂಟರ ಆಕಾರ ಹಾಕಿ ತೋರಿಸಿದ. ವಾರದಲ್ಲಿ ಮುಗಿಯದೇ ಇರುವುದು ಎಣಿಕೆ.

ಶಿಬಿರದ ಮೊದಲ ದಿನ ನಾನು ಡ್ರೋನಿನ ಪೆಟ್ಟಿಗೆಯನ್ನೇ ತೆರೆಯುವುದಿಲ್ಲ. ಮಕ್ಕಳು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಅವತ್ತು ಪೆನ್ಸಿಲ್ಲು ಕಾಗದ ಮಾತ್ರ. ನೀನೂ ಈಗ ಒಂದು ಕಾಗದ ತಗೋ. ಒಂದಿಂಚಿನ ಸೆನ್ಸರಿನ, 20 ಮೆಗಾಪಿಕ್ಸೆಲ್‌ನ ಕ್ಯಾಮೆರಾ ಇದೆ ಅಂದುಕೋ. 120 ಮೀಟರ್ ಎತ್ತರದಿಂದ ಕೆಳಗೆ ನೋಡಿದರೆ ಚಿತ್ರದ ಒಂದೊಂದು ಚುಕ್ಕೆ ನೆಲದ ಮೇಲೆ ಸುಮಾರು 3.3 ಸೆಂ.ಮೀ. ಜಾಗವನ್ನು ಹಿಡಿಯುತ್ತದೆ. ಪಟ್ಟೆತಲೆ ಹೆಬ್ಬಾತು ಎಪ್ಪತ್ತು ಚಿಲ್ಲರೆ ಸೆಂ.ಮೀ. ಉದ್ದ, ಅಂದರೆ ಇಪ್ಪತ್ತೆರಡು ಚುಕ್ಕೆ. ಗುರುತು ಸಿಗುತ್ತದೆ. ನಾಮದ ಕೋಳಿ ಸುಮಾರು 40 ಸೆಂ.ಮೀ., ಹನ್ನೆರಡು ಚುಕ್ಕೆ. ಕರಿ ಹಕ್ಕಿ ಒಂದಿದೆ ಅನ್ನಬಹುದು, ಯಾವ ಹಕ್ಕಿ ಅಂತ ಆಣೆ ಮಾಡಲಾಗದು. ಗುಳುಮುಳುಕ 25 ಸೆಂ.ಮೀ. ಏಳೆಂಟು ಚುಕ್ಕೆಯ ಆ ಕಲೆ ಹಕ್ಕಿಯೋ ತೇಲುವ ತೆಂಗಿನ ಚಿಪ್ಪೋ ಬ್ರಹ್ಮನಿಗೇ ಗೊತ್ತು. ಅದೂ ಅಷ್ಟು ಹೊತ್ತಿಗೆ ಮುಳುಗಿರದಿದ್ದರೆ.

ಹಾಗಾದರೆ 60 ಮೀಟರಿಗೆ ಇಳಿಯೋಣ ಅನ್ನುತ್ತೀ. ಚುಕ್ಕೆ 1.6 ಸೆಂ.ಮೀ. ಆಯಿತು, ಚಿತ್ರ ಚೆಂದ ಬಂತು. ಆದರೆ ಒಂದು ಚಿತ್ರದಲ್ಲಿ ಈಗ 90 ಮೀಟರ್ ಅಗಲ, 60 ಮೀಟರ್ ಉದ್ದದ ನೀರು ಮಾತ್ರ ಸಿಗುತ್ತದೆ. ನಕ್ಷೆ ಮಾಡುವವರ ಪದ್ಧತಿಯಂತೆ ಪಕ್ಕದ ಸಾಲುಗಳು ಶೇಕಡಾ 70ರಷ್ಟು ಒಂದರ ಮೇಲೊಂದು ಬರಬೇಕೆಂದರೆ ಸಾಲಿನಿಂದ ಸಾಲಿಗೆ 27 ಮೀಟರ್. 50 ಹೆಕ್ಟೇರಿನ ಕೆರೆಗೆ, ನಮ್ಮ ಲೆಕ್ಕದಲ್ಲಿ ಸುಮಾರು 125 ಎಕರೆಗೆ, ಹದಿನೆಂಟೂವರೆ ಕಿಲೋಮೀಟರ್ ಹಾರಬೇಕು. ಸೆಕೆಂಡಿಗೆ ಐದು ಮೀಟರಿನಂತೆ ಹೋದರೂ ಒಂದು ಗಂಟೆ. ಬ್ಯಾಟರಿ ಮೂರು ನಾಲ್ಕು ಸಲ ಬದಲಿಸಬೇಕು. ಆ ಒಂದು ಗಂಟೆ ಹಕ್ಕಿಗಳು ಹಾಜರಿ ಹಾಕಿಸಿಕೊಳ್ಳಲು ಸಾಲಾಗಿ ಕೂತಿರುತ್ತವೆಯೇ? ಮೊದಲ ಸಾಲಿನಲ್ಲಿ ಎಣಿಸಿದ ಬಾತು ಎದ್ದುಹೋಗಿ ಹತ್ತನೇ ಸಾಲಿನಲ್ಲಿ ಕೂತರೆ ಅದೇ ಬಾತಿಗೆ ಎರಡು ಜನ್ಮ.

ಇನ್ನೊಂದು ಪೇಚು, ಗಣಿಯಿಂದ ಬಂದ ನಾನೇ ಬಿದ್ದ ಗುಂಡಿ ಇದು. ಚಿತ್ರಗಳನ್ನೆಲ್ಲ ಹೊಲಿದು ಒಂದೇ ದೊಡ್ಡ ಚಿತ್ರ ಮಾಡುವ ಸಾಫ್ಟ್‌ವೇರ್ ನೀರಿನ ಮೇಲೆ ಕೈಚೆಲ್ಲುತ್ತದೆ. ಎರಡು ಚಿತ್ರಗಳಲ್ಲೂ ಇರುವ ಒಂದೇ ಕಲ್ಲು, ಒಂದೇ ಪೊದೆ ಹುಡುಕಿ ಅದು ಜೋಡಿಸಬೇಕು. ಕೆರೆಯ ನಡುವೆ ಕಲ್ಲೆಲ್ಲಿ, ಪೊದೆಯೆಲ್ಲಿ? ಇರುವುದು ಅಲೆ, ಅದು ಕ್ಷಣಕ್ಕೊಂದು ಥರ. ಹಾಗಾಗಿ ಹಕ್ಕಿ ಎಣಿಸುವವರು ಹೊಲಿಯುವ ಗೋಜಿಗೆ ಹೋಗದೆ, ಸಾಲುಗಳನ್ನು ದೂರ ದೂರ ಇಟ್ಟು, ಬೇಗ ಹಾರಿ, ಬಿಡಿಬಿಡಿ ಚಿತ್ರಗಳಲ್ಲೇ ಎಣಿಸುವುದು ಒಳ್ಳೆಯದು. ಕೆರೆಯನ್ನು ಪೂರ್ತಿ ಹಿಡಿಯಲೇಬೇಕೆಂದೂ ಇಲ್ಲ. ಕೆಲವು ಪಟ್ಟಿಗಳನ್ನು ಸರಿಯಾಗಿ ಆರಿಸಿ ಎಣಿಸಿದರೆ ಉಳಿದದ್ದನ್ನು ಅಂದಾಜು ಮಾಡುವ ಗಣಿತ ನಿನ್ನ ವಿಭಾಗದ ಸಂಖ್ಯಾಶಾಸ್ತ್ರದ ಮೇಷ್ಟ್ರಿಗೆ ಗೊತ್ತಿರುತ್ತದೆ. ಡ್ರೋನ್ ಅಂಗಡಿಗೆ ಹೋಗುವ ಮೊದಲು ಅವರ ಮನೆಗೆ ಹೋಗು.

ಮೂರನೇ ದಿನದ ಪಾಠ ನನಗೆ ಬಹಳ ಇಷ್ಟ. ಒಣಗಿದ ಕೆರೆಯಂಗಳದಲ್ಲಿ ಬೆಳಗಿನ ಜಾವವೇ ಹೋಗಿ ಮಣ್ಣಿನ ಹಣತೆಗಳನ್ನು ಬೋರಲು ಹಾಕಿ ಹರಡಿರುತ್ತೇನೆ. ಕೆಲವಕ್ಕೆ ಸುಣ್ಣ ಬಳಿದಿರುತ್ತೇನೆ, ಕೆಲವನ್ನು ಜಾಲಿಯ ನೆರಳಲ್ಲಿ ಇಡುತ್ತೇನೆ. ಎಷ್ಟಿವೆ ಎಂದು ಗೊತ್ತಿರುವುದು ನನಗೊಬ್ಬಳಿಗೇ. ಅರ್ಧ ತಂಡ ಏರಿಯ ಮೇಲೆ ನಿಂತು ದುರ್ಬೀನಿನಲ್ಲಿ ಎಣಿಸುತ್ತದೆ, ಇನ್ನರ್ಧ ಡ್ರೋನ್ ಚಿತ್ರದಲ್ಲಿ. ಒಂದು ವರ್ಷ ನಾನಿಟ್ಟದ್ದು 340. ದುರ್ಬೀನಿನವರು 210 ಎಂದರು, ದೂರದವು ಒಂದರ ಹಿಂದೊಂದು ಮರೆಯಾಗಿದ್ದವು. ಡ್ರೋನಿನವರು 361 ಎಂದು ಬೀಗಿದರು. ಇಪ್ಪತ್ತೊಂದು ಬೆಣಚುಕಲ್ಲು ಹಣತೆಯಾಗಿದ್ದವು. ಆಮೇಲೆ ನೋಡಿದರೆ ನೆರಳಲ್ಲಿಟ್ಟ ಹದಿನೈದು ಅವರಿಗೂ ಕಂಡಿರಲಿಲ್ಲ, ಅಂದರೆ ಕಲ್ಲುಗಳು ಮೂವತ್ತಾರು! ಒಂದು ತಪ್ಪು ಇನ್ನೊಂದನ್ನು ಮುಚ್ಚಿ ಕೂತಿತ್ತು.

ಈ ಉಪಾಯ ನನ್ನ ತಲೆಯಿಂದ ಹುಟ್ಟಿದ್ದಲ್ಲ. ಆಸ್ಟ್ರೇಲಿಯಾದ ಅಡಿಲೇಡ್ ಬಳಿಯ ಕಡಲತೀರದಲ್ಲಿ ಸಂಶೋಧಕರು ಪ್ಲಾಸ್ಟಿಕ್ ಬಾತುಗಳನ್ನು ಹಕ್ಕಿಗಳ ಕಾಲೊನಿಯಂತೆ ಜೋಡಿಸಿ, ನುರಿತ ಪಕ್ಷಿವೀಕ್ಷಕರನ್ನೂ ಡ್ರೋನನ್ನೂ ಸ್ಪರ್ಧೆಗೆ ಬಿಟ್ಟಿದ್ದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು: ನೆಲದ ಎಣಿಕೆಗಿಂತ ಡ್ರೋನಿನದು ಶೇಕಡಾ 43ರಿಂದ 96ರಷ್ಟು ಹೆಚ್ಚು ನಿಖರ. ಡ್ರೋನ್ ಮಾರುವವರು ಈ ಅಂಕಿಯನ್ನು ಮಂತ್ರದಂತೆ ಹೇಳುತ್ತಾರೆ. ಅವು ಪ್ಲಾಸ್ಟಿಕ್ ಬಾತುಗಳಾಗಿದ್ದವು, ಮರಳಿನ ಮೇಲೆ ಅಲ್ಲಾಡದೆ ಕೂತಿದ್ದವು ಎನ್ನುವುದನ್ನು ಹೇಳುವುದಿಲ್ಲ.

ನಿನ್ನ ಕೆರೆಗಳಲ್ಲಿ ಶಿರಹಟ್ಟಿಯ ಮಾಗಡಿ ಕೆರೆಯೂ ಇರಬಹುದು. ಅಲ್ಲಿನ ಹೆಬ್ಬಾತುಗಳು ಸುತ್ತಲಿನ ಹೊಲಗಳಿಗೆ ಮೇವಿಗೆ ಹೋಗಿ ಬರುತ್ತವೆ. ಯಾವ ಹೊತ್ತಿನಲ್ಲಿ ಎಣಿಸುತ್ತೀ ಎನ್ನುವುದರ ಮೇಲೆ ನಿನ್ನ ಅಂಕಿ ನಿಲ್ಲುತ್ತದೆ. ಆ ಹೊತ್ತು ಯಾವುದೆಂದು ಕೆರೆ ಏರಿಯ ಮೇಲೆ ಎಮ್ಮೆ ಮೇಯಿಸುವವರನ್ನು ಕೇಳು, ಡ್ರೋನ್ ಕೈಪಿಡಿಯಲ್ಲಿ ಅದಿಲ್ಲ. ಮಾಗಡಿ ಸಂರಕ್ಷಿತ ಕೆರೆ, 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಅನುಮತಿ ಕೈಗೆ ಬರುವ ಮೊದಲು ಅಲ್ಲಿಗೆ ಡ್ರೋನಿನ ಬ್ಯಾಗನ್ನೂ ಒಯ್ಯಬೇಡ.

ನನ್ನ ಡ್ರೋನ್ 249 ಗ್ರಾಂ. ನ್ಯಾನೋ ವರ್ಗಕ್ಕೆ ಲೈಸೆನ್ಸ್ ಬೇಡ ಎಂದು ಎಲ್ಲರೂ ಹೇಳುತ್ತಾರೆ. ಕಬಿನಿ ಹಿನ್ನೀರಿನಲ್ಲಿ ಆನೆಗಳ ಹಿಂಡನ್ನು ಮೇಲಿನಿಂದ ಚಿತ್ರೀಕರಿಸಬಹುದೇ?
– ಹವ್ಯಾಸಿ ಛಾಯಾಗ್ರಾಹಕ, ಬೆಂಗಳೂರು

ಬೇಡ ಸರ್.

2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ ಎಂದಿರುವುದು ನಿಜ. ಅದು ವಿಮಾನಯಾನದ ಕಾಯ್ದೆ, ಆಕಾಶದ ಮಾತು. ಕೆಳಗಿರುವ ಕಾಡು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯದು. ಅಭಯಾರಣ್ಯದಲ್ಲಿ ಚಿತ್ರ ತೆಗೆಯುವುದಾಗಲಿ ಸಂಶೋಧನೆಯಾಗಲಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯಿಂದಲೇ ಆಗಬೇಕು. ಆನೆ ನಿಮ್ಮ ಡ್ರೋನನ್ನು ತಕ್ಕಡಿಯಲ್ಲಿ ತೂಗಿ ನೋಡುವುದಿಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದಲೇ ಹವ್ಯಾಸಿ ಡ್ರೋನ್ ಬಂದ್.

ಕ್ಯಾಲಿಫೋರ್ನಿಯಾದ ಬೋಲ್ಸಾ ಚೀಕಾ ಎಂಬ ಜೌಗಿನಲ್ಲಿ 2021ರ ಮೇ ತಿಂಗಳಲ್ಲಿ ಯಾರದೋ ಒಂದು ಡ್ರೋನ್ ಬಿತ್ತು. ನೆಲದ ಮೇಲೆ ಗೂಡು ಕಟ್ಟಿದ್ದ ರೀವ ಹಕ್ಕಿಗಳು ಹದ್ದೋ ಗಿಡುಗವೋ ಬಂತೆಂದು ಎದ್ದು ಹೋದವು, ತಿರುಗಿ ಬರಲಿಲ್ಲ. 1,500ಕ್ಕೂ ಹೆಚ್ಚು ಮೊಟ್ಟೆಗಳು ಮರಳಿನ ಮೇಲೆ ಉಳಿದವು. ಆ ಡ್ರೋನಿನವರೂ ಒಂದು ಒಳ್ಳೆಯ ಚಿತ್ರಕ್ಕೇ ಹೋಗಿದ್ದರೇನೋ.

ನಮ್ಮದು ಮದ್ದೂರು ತಾಲ್ಲೂಕು, ಕೊಕ್ಕರೆ ಬೆಳ್ಳೂರಿನ ಹತ್ತಿರ. ಮದುವೆ ಫೋಟೋದವರ ಡ್ರೋನ್ ಊರ ಮೇಲೆ ಸುತ್ತುತ್ತೆ. ಹೆಜ್ಜಾರ್ಲೆಗಳು ಗೂಡು ಬಿಟ್ಟು ಏಳಲ್ಲ, ಸುಮ್ಮನೆ ಕೂತಿರ್ತವೆ. ಅಂದ ಮೇಲೆ ಅವಕ್ಕೆ ತೊಂದರೆ ಇಲ್ಲ ಅಂತ ತಾನೆ?
– ಗೃಹಿಣಿ

ಅಮ್ಮಾ, ನಿಮ್ಮ ಪ್ರಶ್ನೆಯನ್ನು ನನ್ನ ಶಿಬಿರದ ಗೋಡೆಗೆ ಅಂಟಿಸುತ್ತೇನೆ. ಡಾಕ್ಟರೇಟ್ ಮಾಡುವವರು ಕೇಳಬೇಕಾದ್ದನ್ನು ನೀವು ಕೇಳಿದ್ದೀರಿ.

ಅಮೆರಿಕದ ಮಿನೆಸೋಟಾದಲ್ಲಿ ಕೆಲವು ಕರಿ ಕರಡಿಗಳ ಎದೆಯೊಳಗೆ ಮೊದಲೇ ಹೃದಯಬಡಿತ ಅಳೆಯುವ ಪುಟ್ಟ ಯಂತ್ರ ಇಟ್ಟಿದ್ದರು. ಅವುಗಳ ಮೇಲೆ ಡ್ರೋನ್ ಹಾರಿಸಿದರು. ಕರಡಿಗಳು ಬಹುಪಾಲು ಓಡಲಿಲ್ಲ, ಇದ್ದಲ್ಲೇ ಇದ್ದವು. ಹೊರಗಿನಿಂದ ನೋಡಿದವರು ‘ಏನೂ ಆಗಿಲ್ಲ’ ಎಂದು ಬರೆದುಕೊಳ್ಳುತ್ತಿದ್ದರು. ಎದೆಯ ಯಂತ್ರ ಬೇರೆಯೇ ಹೇಳಿತು. ಒಂದು ಕರಡಿಯ ಬಡಿತವಂತೂ ನಿಮಿಷಕ್ಕೆ 123ರಷ್ಟು ಮೇಲೇರಿತ್ತು. 2015ರ ಅಧ್ಯಯನ ಇದು. ಗೂಡಿನಲ್ಲಿ ಮರಿ ಇಟ್ಟುಕೊಂಡ ಹೆಜ್ಜಾರ್ಲೆ ಕೂತಿರುವುದು ನೆಮ್ಮದಿಯಿಂದಲೋ, ಎದ್ದರೆ ಕಾಗೆ ಬರುತ್ತದೆಂಬ ಭಯಕ್ಕೋ, ಮನೆ ಬಾಗಿಲಲ್ಲಿ ಗಲಾಟೆಯಾದಾಗ ಮಗುವನ್ನು ಅಪ್ಪಿಕೊಂಡು ಒಳಗೇ ಕೂತ ತಾಯಿಯನ್ನು ಕಂಡ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಗ್ಗುಲೂ ಇದೆ. ಅದೇ 2015ರಲ್ಲಿ ಫ್ರಾನ್ಸಿನವರು ಬಾತು, ರಾಜಹಂಸ, ಗದ್ದೆಗೊರವದ ಜಾತಿಯ ಹಕ್ಕಿಗಳ ಬಳಿಗೆ 204 ಸಲ ಡ್ರೋನ್ ಒಯ್ದು ನೋಡಿದರು. ಶೇಕಡಾ 80 ಸಲ ನಾಲ್ಕು ಮೀಟರ್ ಹತ್ತಿರ ಹೋದರೂ ಹಕ್ಕಿಗಳು ಕಣ್ಣಿಗೆ ಕಾಣುವ ಹಾಗೆ ಬೆಚ್ಚಲಿಲ್ಲ. ಡ್ರೋನಿನ ಬಣ್ಣ, ವೇಗ ಇವುಗಳಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ. ನೆತ್ತಿಯ ಮೇಲಿನಿಂದ ನೇರ ಕೆಳಗಿಳಿದಾಗ ಮಾತ್ರ ಹೆಚ್ಚು ಬೆಚ್ಚಿದವು. ಬೇಟೆಯ ಹಕ್ಕಿ ಎರಗುವುದೂ ಹಾಗೆಯೇ ತಾನೆ. ಅದಕ್ಕೇ ನನ್ನ ವಿದ್ಯಾರ್ಥಿಗಳು ನೂರು ಮೀಟರ್ ಆಚೆಯಿಂದ ಏರಿಸಿ, ಎತ್ತರದಲ್ಲೇ ಅಡ್ಡಡ್ಡ ಬಂದು, ಎತ್ತರದಲ್ಲೇ ಹಿಂತಿರುಗಬೇಕು. ಜೊತೆಗೊಬ್ಬರು ಪರದೆ ನೋಡದೆ ಹಕ್ಕಿಗಳನ್ನೇ ನೋಡುತ್ತಿರಬೇಕು. ಕತ್ತು ಎತ್ತಿದವು, ರೆಕ್ಕೆ ಬಿಚ್ಚಿದವು ಎಂದು ಅವರು ಕೂಗಿದರೆ ಮರುಮಾತಿಲ್ಲದೆ ವಾಪಸ್. ಹಾಗೆ ಕೂಗುವ ಕೆಲಸಕ್ಕೆ ನಾನು ಬೇಕೆಂದೇ ತಂಡದ ಅತಿ ಚಿಕ್ಕವರನ್ನು ನಿಲ್ಲಿಸುತ್ತೇನೆ, ಪಿಎಚ್‌ಡಿಯವರು ಅವರ ಮಾತಿಗೆ ತಲೆಬಾಗುವುದನ್ನು ಕಲಿಯಲಿ ಎಂದು.

ಮದುವೆ ಫೋಟೋದವರಿಗೆ ಮರಿ ಇರುವ ತಿಂಗಳು ಊರ ಆಚೆ ಹಾರಿಸಲು ಹೇಳಿ. ನಿಮ್ಮದು 2007ರಿಂದ ಸಮುದಾಯ ಮೀಸಲು ಪ್ರದೇಶ. ಪಂಚಾಯಿತಿಯೂ ಅರಣ್ಯದವರೂ ನಿಮ್ಮ ಮಾತಿಗೆ ಬೆಲೆ ಕೊಡಬೇಕಾಗುತ್ತದೆ.

ನಮ್ಮ ತೋಟಕ್ಕೆ ಆನೆ ಕಾಟ. ಅರಣ್ಯ ಇಲಾಖೆಯವರು ಥರ್ಮಲ್ ಡ್ರೋನಿನಲ್ಲಿ ಆನೆ ಇರುವ ಜಾಗ ಹುಡುಕುವುದನ್ನು ನೋಡಿದೆ. ನಮ್ಮ ಊರಿನ ನಾಲ್ಕು ಹುಡುಗರಿಗೆ ತರಬೇತಿ ಕೊಟ್ಟರೆ ಆನೆ ಓಡಿಸಬಹುದಲ್ಲ?
– ಕಾಫಿ ಬೆಳೆಗಾರ, ಸಕಲೇಶಪುರ

ಹುಡುಕುವುದಕ್ಕೆ ತರಬೇತಿ ಕೊಡಬಹುದು. ಓಡಿಸುವುದಕ್ಕೆ ನಾನು ಕೊಡುವುದಿಲ್ಲ.

ಥರ್ಮಲ್ ಕ್ಯಾಮೆರಾ ಬೆಳಕನ್ನಲ್ಲ, ಶಾಖವನ್ನು ನೋಡುತ್ತದೆ. ಪ್ರಾಣಿಯ ಮೈ ಸುತ್ತಲಿನದಕ್ಕಿಂತ ಬಿಸಿ ಇದ್ದಾಗ ಮಾತ್ರ ಅದು ಎದ್ದು ಕಾಣುವುದು. ನಮ್ಮ ಕಡೆ ಏಪ್ರಿಲಿನಲ್ಲಿ ಸಂಜೆ ಏಳಕ್ಕೆ ಬಂಡೆಗುಡ್ಡದ ಮೇಲೆ ಮೇಕೆ ಹುಡುಕಲು ಹುಡುಗರನ್ನು ಬಿಟ್ಟಿದ್ದೆ. ಪರದೆ ತುಂಬ ಬೆಳ್ಳಗಿನ ಮೇಕೆಗಳು! ಎಲ್ಲ ಬಂಡೆಗಳೇ, ಹಗಲಿನ ಬಿಸಿಲನ್ನು ಇನ್ನೂ ಉಗುಳುತ್ತಿದ್ದವು. ಮರುದಿನ ಬೆಳಗಿನ ಐದಕ್ಕೆ ಹೋದಾಗ ಬಂಡೆ ತಣ್ಣಗಾಗಿ ಹನ್ನೊಂದು ಮೇಕೆ, ಒಂದು ನಾಯಿ ದೀಪ ಹಚ್ಚಿದಂತೆ ಕಂಡವು. ನಿಮ್ಮಲ್ಲಿ ಬಂಡೆಯ ಕಾಟವಿಲ್ಲ, ಎಲೆಯ ಕಾಟ. ಶಾಖದ ಕಿರಣ ಎಲೆಯನ್ನು ದಾಟಿ ಬರುವುದಿಲ್ಲ. ಸಿಲ್ವರ್ ಓಕ್, ಹಲಸು, ಮೇಲೆ ಹಬ್ಬಿದ ಮೆಣಸಿನ ಬಳ್ಳಿ ಇವುಗಳ ಸಂದಿಯಲ್ಲಿ ಆನೆಯ ಬೆನ್ನಿನ ಒಂದು ತುಣುಕು ಕಂಡರೆ ಪುಣ್ಯ. ‘ಡ್ರೋನಿನಲ್ಲಿ ಏನೂ ಕಾಣಲಿಲ್ಲ, ಆಳುಗಳು ಕೆಲಸಕ್ಕೆ ಹೋಗಬಹುದು’ ಎಂದು ಹುಡುಗನೊಬ್ಬ ಹೇಳಿಬಿಟ್ಟರೆ ಆಗುವ ಅನಾಹುತ ಯೋಚಿಸಿ. ಕಾಣಲಿಲ್ಲ ಅನ್ನುವುದಕ್ಕೂ ಇಲ್ಲ ಅನ್ನುವುದಕ್ಕೂ ಇರುವ ಅಂತರವನ್ನು ಕಲಿಸಲು ನನಗೆ ಒಂದಿಡೀ ದಿನ ಬೇಕು, ಆನೆ ಊರಿನವರಿಗಾದರೆ ಎರಡು ದಿನ.

ಓಡಿಸುವ ಮಾತಿಗೆ ಬಂದರೆ, ತಾಂಜಾನಿಯಾದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಅಂಚಿನ ಹೊಲಗಳಿಂದ ಆನೆಗಳನ್ನು ಹಿಂದಟ್ಟಲು ಕಾವಲುಗಾರರಿಗೆ ಡ್ರೋನ್ ಕಲಿಸಿದರು. 2017ರಲ್ಲಿ ಅದರ ವರದಿ ಬಂತು. ಡ್ರೋನಿನ ಸದ್ದು ಜೇನುಹುಳದ ಗುಂಪಿನದೆಂದು ಆನೆಗಳು ಭಾವಿಸುತ್ತವೇನೋ ಎಂಬ ಊಹೆಯೂ ಇದೆ. ಆದರೆ ಅಲ್ಲಿ ಹೊಲದ ಆಚೆ ಬಯಲು, ಬಯಲಿನ ಆಚೆ ಉದ್ಯಾನ. ನಿಮ್ಮ ತೋಟದಿಂದ ಹೊರಟ ಆನೆ ಎಲ್ಲಿಗೆ ಹೋಗುತ್ತದೆ? ಪಕ್ಕದ ತೋಟಕ್ಕೆ, ಲೈನ್ ಮನೆಗಳ ಹಿಂದಕ್ಕೆ, ಶಾಲೆಗೆ ಮಕ್ಕಳು ನಡೆದು ಹೋಗುವ ರಸ್ತೆಗೆ. ಹೆದರಿದ ಆನೆ ಕತ್ತಲಲ್ಲಿ ಯಾವ ಕಡೆ ತಿರುಗುತ್ತದೆಂದು ಕಂಟ್ರೋಲರ್ ಹಿಡಿದವನಿಗೆ ಗೊತ್ತಿರುವುದಿಲ್ಲ. ಅದು ಇಲಾಖೆಯ ಆನೆ ಕಾರ್ಯಪಡೆಯ ಕೆಲಸ.

ನಿಮ್ಮ ಹುಡುಗರನ್ನು ಕಳಿಸಿ. ಬೆಳಗಿನ ಜಾವ ಆನೆ ಎಲ್ಲಿದೆ ಎಂದು ನೋಡಿ ಇಲಾಖೆಗೂ ತೋಟದ ಆಳುಗಳಿಗೂ ಫೋನಿನಲ್ಲಿ ತಿಳಿಸುವುದನ್ನು, ಇಲಾಖೆ ಒಪ್ಪಿದರೆ, ಕಲಿಸುತ್ತೇನೆ. 2024ರಲ್ಲಿ ಉತ್ತರಪ್ರದೇಶದ ಬಹರಾಯಿಚ್‌ನಲ್ಲಿ ತೋಳಗಳ ಹಾವಳಿ ಎದ್ದಾಗಲೂ ಥರ್ಮಲ್ ಡ್ರೋನ್ ಮಾಡಿದ ಕೆಲಸ ಹುಡುಕಾಟವೇ. ಹಿಡಿದದ್ದು ನೆಲದ ಮೇಲೆ ಓಡಾಡಿದ ಮನುಷ್ಯರು.

ಯಾವ ಡ್ರೋನ್ ಕೊಳ್ಳಲಿ? ಎಷ್ಟು ಖರ್ಚಾಗುತ್ತೆ?
– ಇದನ್ನು ಕೇಳಿದವರು ಹದಿಮೂರು ಮಂದಿ

ಕೊಳ್ಳಬೇಡಿ, ಮೊದಲು ಎರವಲು ತನ್ನಿ. ಸಿದ್ಧ ಡ್ರೋನ್‌ಗಳ ಆಮದನ್ನು ಸರ್ಕಾರ 2022ರ ಫೆಬ್ರುವರಿಯಲ್ಲಿ ನಿಷೇಧಿಸಿತು, ಸಂಶೋಧನೆ, ರಕ್ಷಣೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಕಳ್ಳದಾರಿಯಲ್ಲಿ ಬಂದದ್ದು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ಆಮೇಲೆ ನೋಂದಣಿಗೆ ಒದ್ದಾಡಿದವರು ನನ್ನ ಶಿಬಿರಕ್ಕೇ ಬಂದಿದ್ದಾರೆ.

ಬೆಲೆಯ ಬಗ್ಗೆ ಒಂದು ಕತೆ. ಲಿಯನ್ ಪಿನ್ ಕೋ ಮತ್ತು ಸರ್ಜ್ ವಿಕ್ ಎಂಬ ಇಬ್ಬರು ವಿಜ್ಞಾನಿಗಳು ಸುಮಾತ್ರದ ಕಾಡಿನಲ್ಲಿ ಒರಾಂಗುಟನ್‌ಗಳ ಗೂಡು ಎಣಿಸಲು ನಡೆದು ನಡೆದು ಸಾಕಾಗಿ, ಆಟಿಕೆ ವಿಮಾನಕ್ಕೆ ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶದ ಆಟೊಪೈಲಟ್ ಮತ್ತು ಸಾಮಾನ್ಯ ಕ್ಯಾಮೆರಾ ಕಟ್ಟಿ 2012ರ ಫೆಬ್ರುವರಿಯಲ್ಲಿ ಹಾರಿಸಿದರು. ಎರಡು ಸಾವಿರ ಡಾಲರಿಗಿಂತ ಕಡಿಮೆಯಲ್ಲಿ ಮುಗಿಯಿತು. ಮರದ ತುದಿಯ ಗೂಡುಗಳು ಚಿತ್ರದಲ್ಲಿ ಬಂದವು. ಅದೇ ವರ್ಷ ಅವರು ನೇಪಾಳದ ಚಿತ್ವಾನ್‌ಗೆ ಹೋಗಿ ಅಲ್ಲಿನವರಿಗೆ ಕಲಿಸಿದರು. ಸಂಶೋಧಕರಿಗೆ, ಕಾಡು ಕಾಯುವವರಿಗೆ ಡ್ರೋನ್ ಕಲಿಸುವ ಈ ಕೆಲಸ ಬೆಳೆದದ್ದು ಇಂಥ ಕಡೆಗಳಿಂದ. ಆ ವಿಮಾನ ಬಿದ್ದರೆ ಥರ್ಮೊಕೋಲಿನಂಥ ರೆಕ್ಕೆಯನ್ನು ಟೇಪು ಸುತ್ತಿ ಮತ್ತೆ ಹಾರಿಸಬಹುದು. ನಮ್ಮ ಹುಡುಗರು ಸಾಲ ಮಾಡಿ ತಂದದ್ದನ್ನು ಬೀಳುತ್ತದೆಂಬ ಭಯಕ್ಕೆ ಹಾರಿಸುವುದೇ ಇಲ್ಲ.

ಡ್ರೋನಿಗಿಂತ ಮೊದಲು ಇವನ್ನು ಕೊಳ್ಳಿ: ಹೆಚ್ಚುವರಿ ಬ್ಯಾಟರಿ, ಧೂಳಿನಲ್ಲಿ ಇಳಿಸಲು ಒಂದು ದಪ್ಪ ಚಾಪೆ, ದಪ್ಪ ರಟ್ಟಿನ ನೋಟ್‌ಬುಕ್ಕು. ಬ್ಯಾಟರಿಯನ್ನು ಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ಇಟ್ಟರೆ ಗರ್ಭಿಣಿಯಂತೆ ಉಬ್ಬುತ್ತದೆ. ಒಂದೊಂದು ಸೆಲ್ಲು 3.8 ವೋಲ್ಟಿನ ಆಸುಪಾಸಿನಲ್ಲಿರುವಂತೆ ಅರ್ಧ ತುಂಬಿಸಿಡಿ. ಉಬ್ಬಿದ್ದನ್ನು ‘ಇದೊಂದು ಸಲ’ ಎಂದು ಹಾಕಲೇಬೇಡಿ.

ಅಕ್ಕಾ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯವಳು, ಸ್ವಸಹಾಯ ಸಂಘದಿಂದ ಡ್ರೋನ್ ದೀದಿ ತರಬೇತಿ ಪಡೆದು ಹೊಲಗಳಿಗೆ ಔಷಧಿ ಸಿಂಪಡಿಸುತ್ತೇನೆ. ಓದಿದ್ದು ಎಸ್ಸೆಸ್ಸೆಲ್ಸಿ. ಕಾಡುಪ್ರಾಣಿ ಸಮೀಕ್ಷೆಯ ಕೆಲಸ ನನ್ನಂಥವರಿಗೆ ಸಿಗುತ್ತಾ?

ತಂಗಿ, ನಿನ್ನ ಕಾಗದ ಓದಿ ಚಹಾ ಆರಿಹೋದದ್ದು ಗೊತ್ತಾಗಲಿಲ್ಲ.

ಓದುಗರಿಗೆ ತಿಳಿಸುತ್ತೇನೆ: 2023ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಯೋಜನೆಯಡಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ. ಆಯ್ಕೆಯಾದವರಿಗೆ 15 ದಿನದ ತರಬೇತಿ, ಅದರಲ್ಲಿ ಐದು ದಿನ ಹಾರಾಟ, ಹತ್ತು ದಿನ ಬೇಸಾಯದ ಬಳಕೆ. ರಿಮೋಟ್ ಪೈಲಟ್ ಪ್ರಮಾಣಪತ್ರಕ್ಕೂ ಕಾನೂನು ಕೇಳುವುದು ಹತ್ತನೇ ತರಗತಿ ಪಾಸು, ಹದಿನೆಂಟು ತುಂಬಿರಬೇಕು. ನಿನ್ನ ಓದು ಕಡಿಮೆಯಾಯಿತು ಎಂದು ಹೇಳುವವರಿಗೆ ಈ ಸಾಲು ತೋರಿಸು.

ಹಾರಿಸುವ ಕೈ ನಿನ್ನದು ನನ್ನ ಎಂಎಸ್‌ಸಿ ಮಕ್ಕಳಿಗಿಂತ ಪಳಗಿದೆ. ಹತ್ತು ಲೀಟರ್ ಔಷಧಿ ಹೊತ್ತ ಯಂತ್ರವನ್ನು ತೊಗರಿಯ ತಲೆ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿ, ಕರೆಂಟ್ ಕಂಬ ತಪ್ಪಿಸಿ, ಗಾಳಿ ಎತ್ತ ಬೀಸುತ್ತದೆಂದು ಮುಖದಲ್ಲೇ ತಿಳಿದು ಒಯ್ಯುವವಳು ನೀನು. ಅವರು ಖಾಲಿ ಮೈದಾನದಲ್ಲಿ ಕಲಿತವರು. ನೀನು ಹೊಸದಾಗಿ ಕಲಿಯಬೇಕಾದ್ದು ಹಾರಾಟದ ನಂತರದ ಕೆಲಸ: ಚಿತ್ರಗಳಿಗೆ ಹೆಸರಿಡುವುದು, ದಿನಾಂಕ, ಹೊತ್ತು, ಎತ್ತರ, ಗಾಳಿ ಬರೆದಿಡುವುದು, ಎರಡು ಕಡೆ ನಕಲು ಇಡುವುದು. ಇದು ಸಂಘದ ಲೆಕ್ಕದ ಪುಸ್ತಕ ಬರೆದವರಿಗೆ ಕಷ್ಟವೇ ಅಲ್ಲ. ನನ್ನ ಹಿಂದಿನ ಶಿಬಿರದಲ್ಲಿ ಅತಿ ಅಚ್ಚುಕಟ್ಟಾದ ದಾಖಲೆ ಬರೆದವರು ಒಬ್ಬ ಅರಣ್ಯ ವೀಕ್ಷಕರು. ಅತಿ ಕೆಟ್ಟದಾಗಿ ಬರೆದವರ ಪದವಿ ಹೇಳುವುದಿಲ್ಲ, ಪಾಪ.

ಕೆಲಸ ಖಾಯಂ ಆಗಿ ಸಿಗುತ್ತದೆಂದು ಸುಳ್ಳು ಹೇಳಲಾರೆ. ಸಮೀಕ್ಷೆ ಇದ್ದಾಗ ಉಂಟು, ಇಲ್ಲದಾಗ ಇಲ್ಲ. ಸಿಂಪಡಣೆ ಬಿಡಬೇಡ. ಆದರೆ ನಿಮ್ಮ ಜಿಲ್ಲೆಯಲ್ಲೇ ತೋಳಗಳಿವೆ, ತುಂಗಭದ್ರೆಯಲ್ಲಿ ನೀರುನಾಯಿಗಳಿವೆ. ಬೆಂಗಳೂರಿನಿಂದ ಬರುವ ಸಂಶೋಧಕರು ಒಂದು ವಾರಕ್ಕೆ ಪೈಲಟ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು, ಊಟ ವಸತಿ ಕೊಟ್ಟು, ಭಾಷೆ ತಿಳಿಯದೆ ಪೇಚಾಡುತ್ತಾರೆ. ಅವರಲ್ಲಿ ಮೂವರಿಗೆ ನಿನ್ನ ಬಗ್ಗೆ ಹೇಳುತ್ತೇನೆ. ಮುಂದಿನ ಶಿಬಿರಕ್ಕೆ ಬಾ, ನಿನ್ನ ಶುಲ್ಕ ನಾನು ನೋಡಿಕೊಳ್ಳುತ್ತೇನೆ. ಸಂಕೋಚ ಮಾಡಿಕೊಂಡು ಬರದೆ ಇರಬೇಡ.

ಊರಿಗೆಲ್ಲ ಬುದ್ಧಿ ಹೇಳುವ ನೀವು ಎಂದಾದರೂ ಡ್ರೋನ್ ಕಳೆದುಕೊಂಡಿದ್ದೀರಾ?
– ನಿವೃತ್ತ ಶಿಕ್ಷಕ, ಹೊಸಪೇಟೆ

ಮೇಷ್ಟ್ರೇ, ಎರಡು. ಒಂದರ ಕತೆ ಹೇಳುತ್ತೇನೆ, ಇನ್ನೊಂದನ್ನು ಹೇಳಲು ನಾಚಿಕೆ.

ಗಣಿಯ ಕೆಲಸ ಬಿಟ್ಟ ಹೊಸತು. ಸಂಡೂರಿನ ಆಚೆ ಗುಡ್ಡದ ಇಳಿಜಾರಿನಲ್ಲಿ ಹುಲ್ಲುಗಾವಲಿನ ನಕ್ಷೆ ಮಾಡುತ್ತಿದ್ದೆ. ಬ್ಯಾಟರಿ ಇಳಿದರೆ ಡ್ರೋನ್ ತಾನಾಗಿ ಮನೆಗೆ ಬರುತ್ತದೆ. ಯಾವ ಎತ್ತರದಲ್ಲಿ ಬರಬೇಕೆಂದು ನಾವು ಮೊದಲೇ ಹೇಳಿಟ್ಟಿರಬೇಕು. ಹಿಂದಿನ ದಿನ ಬಯಲಿನಲ್ಲಿ 40 ಮೀಟರ್ ಇಟ್ಟಿದ್ದೆ, ಬದಲಿಸಲು ಮರೆತೆ. ಆ ಎತ್ತರ ನಾನು ನಿಂತ ನೆಲದಿಂದ ಲೆಕ್ಕ, ಗುಡ್ಡದ ನೆತ್ತಿಯಿಂದಲ್ಲ. ನನಗೂ ಡ್ರೋನಿಗೂ ನಡುವೆ ಗುಡ್ಡದ ಮೂಗು ಚಾಚಿಕೊಂಡಿತ್ತು. ಅದು ವಿಧೇಯ ಮಗನ ಹಾಗೆ ನೇರ ಬಂತು, ಮೂಗಿನ ಮೇಲಿನ ಕಮರದ ಮರಕ್ಕೆ ಹೊಡೆಯಿತು. ಪರದೆ ಕಪ್ಪಾಯಿತು. ಸಂಜೆಯವರೆಗೆ ಹುಡುಕಿದೆ, ಸಿಗಲಿಲ್ಲ.

ಮೂರನೇ ದಿನ ಕುರಿಗಾಹಿ ಅಜ್ಜನೊಬ್ಬ ನಮ್ಮ ಜೀಪಿನ ಹತ್ತಿರ ಬಂದ. ಕಂಬಳಿಯಲ್ಲಿ ಕೂಸನ್ನು ಸುತ್ತಿದಂತೆ ಸುತ್ತಿಕೊಂಡು ತಂದಿದ್ದ. “ಯವ್ವಾ, ಇದು ನಿಂದೇನು? ಎರಡು ರೆಕ್ಕಿ ಮುರದಾವ ನೋಡು.” ನಾನು ಐನೂರರ ನೋಟು ತೆಗೆದೆ, ಮುಟ್ಟಲಿಲ್ಲ. “ಇದರಾಗ ನಮ್ಮ ಕುರಿ ಫೋಟೋ ಬಂದಾವೇನು? ಬಂದಿದ್ರ ತೋರಸು” ಎಂದ.

ಮೆಮೊರಿ ಕಾರ್ಡು ಬದುಕಿತ್ತು. ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಗುಡ್ಡದ ಮೇಲೆ ಚೆಲ್ಲಿದ ಜೋಳದ ಹಾಗೆ ಅವನ ಹಿಂಡು. ನಾನು ನನ್ನ ವಿದ್ಯೆಯೆಲ್ಲ ತೋರಿಸಲು ಚಿತ್ರವನ್ನು ದೊಡ್ಡದು ಮಾಡಿ, ಒಂದೊಂದು ಕುರಿಗೂ ಕೆಂಪು ಚುಕ್ಕೆ ಇಟ್ಟು ಎಣಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. “ಅಜ್ಜಾ, 207.”

ಅವನು ಪರದೆಗೆ ಮುಖ ಹತ್ತಿರ ತಂದು ನೋಡಿದ, ಎಣಿಸಲಿಲ್ಲ. “ಅಲ್ಲವ್ವಾ, 212.” ಆಮೇಲೆ ಚಿತ್ರದ ಎಡಮೂಲೆಯ ಒಂದು ಜಾಲಿ ಮರದ ಮೇಲೆ ಬೆರಳಿಟ್ಟ. “ಹೊಟ್ಟಿ ಬಂದ ಐದು ಕುರಿ ಅವತ್ತು ಇದರ ಬುಡಕ್ಕ ನೆರಳಿಗೆ ಮಲಗಿದ್ವು.”